ಮಾಳದ ಮೇಲಿನ ಮಗ್ಗಿ

ನೀಲಮ್ಮ ಅಕ್ಕೋರು ಮೆಲ್ಲಗೆ ಮಾತಾಡಿದ್ದನ್ನು ನಮ್ಮೂರಲ್ಲಿ ಕೇಳಿದವರೇ ಇಲ್ಲ. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುವುದು ರೂಢಿ. ಶಿಕಾರಿಪುರದಿಂದ ಬರುವ ಬೆಳಗಿನ ಬಸ್ಸು ಸೊರಬ ರಸ್ತೆಯ ತಿರುವಿನಲ್ಲಿ ನಿಲ್ಲುತ್ತಿತ್ತು. ಅವರು ಇಳಿದು ಕಂಡಕ್ಟರಿಗೆ "ಹೊರಡ್ರೀ" ಎಂದರೆ ಸಾಕು, ಶಾಲೆಯ ಜಗಲಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನಾವು ಪಾಟಿ ಹುಡುಕುತ್ತಿದ್ದೆವು. ಗಿಡ್ಡ ಆಳು, ಹಿಡಿಯಷ್ಟು ಮೈ. ಅಷ್ಟು ದೊಡ್ಡ ಧ್ವನಿಯನ್ನು ಎಲ್ಲಿ ಇಟ್ಟುಕೊಂಡಿದ್ದರೋ! ಒಂದರಿಂದ ನಾಲ್ಕನೇ ಕ್ಲಾಸಿಗೆ ಒಂದೇ ಕೋಣೆ, ಅವರೊಬ್ಬರೇ ಟೀಚರು. ಗೊಣಗುತ್ತ ಮಗ್ಗಿ ಒಪ್ಪಿಸಿದರೆ ಅದು ಲೆಕ್ಕಕ್ಕೇ ಇಲ್ಲ. "ಬಾಯಿ ಬಿಟ್ರ ಬಣ್ಣಗೇಡು ಅಂತಾರ. ನಮ್ಮ ಶಾಲ್ಯಾಗ ಬಾಯಿ ಮುಚ್ಚಿದ್ರ ಬಣ್ಣಗೇಡು" ಎನ್ನುತ್ತಿದ್ದರು.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮೂರನೇ ಕ್ಲಾಸು. ದೀಪಾವಳಿ ಕಳೆದು ಭತ್ತ ಹಾಲುಗಟ್ಟುವ ಹೊತ್ತಿಗೆ ಗಿಳಿಗಳೂ ಗುಬ್ಬಿಯಂಥ ರಾಟವಾಳಗಳೂ ಹಿಂಡು ಹಿಂಡಾಗಿ ಗದ್ದೆಗೆ ಇಳಿಯುತ್ತವೆ. ಅವನ್ನು ಓಡಿಸುವುದು ಮಕ್ಕಳ ಕೆಲಸ, ಅದರಲ್ಲೂ ಹೆಣ್ಣುಮಕ್ಕಳದು. ಗದ್ದೆಯ ನಡುವೆ ಕಂಬ ನೆಟ್ಟು ಕಟ್ಟಿದ ಅಟ್ಟಣೆಗೆ ಮಾಳ ಎನ್ನುತ್ತಾರೆ. ಅದರ ಮೇಲೆ ಕೂತು ದಿನವಿಡೀ ಡಬ್ಬ ಬಡಿಯಬೇಕು. ರಾತ್ರಿ ಹಂದಿ ಕಾಯುವುದು ಗಂಡಸರ ಪಾಲು. ಹಗಲು ಮೀಸೆ ಹೊತ್ತವನು ಹಕ್ಕಿ ಓಡಿಸಿದರೆ ಊರೇ ನಗುತ್ತಿತ್ತು. ನನ್ನ ಅಕ್ಕ ಸುಶೀಲಾ ಹೀಗೆಯೇ ಮೂರನೇ ಕ್ಲಾಸಿನಲ್ಲಿ ಮಾಳ ಹತ್ತಿದವಳು. ಸುಗ್ಗಿ ಮುಗಿಯುವಷ್ಟರಲ್ಲಿ ಪಾಠ ಮುಂದೆ ಹೋಗಿತ್ತು, ನಾಚಿಕೆಯಾಯಿತು, ಮತ್ತೆ ಶಾಲೆಗೆ ಹೋಗಲೇ ಇಲ್ಲ. ಆ ವರ್ಷ ಅವಳು ಅಮ್ಮನ ಜೊತೆ ಕೂಲಿಗೆ ಹೋಗತೊಡಗಿದ್ದರಿಂದ ಅಪ್ಪ ಡಬ್ಬವನ್ನು ನನ್ನ ಕೈಗೆ ಕೊಟ್ಟ. ನನ್ನ ಓದೂ ಅಲ್ಲಿಗೆ ಮುಗಿಯಿತೆಂದು ಅತ್ತುಬಿಟ್ಟೆ.

ಶಾಲೆಯಲ್ಲಿ ನಾನು ಕಾಣದೆ ಹೋದಾಗ ಅಕ್ಕೋರು ಮನೆಗೇ ಬಂದರು.

"ಸುಗ್ಗಿ ಮುಗೀಲಿ ಅಕ್ಕೋರೆ, ಆಮೇಲೆ ಕಳಿಸ್ತೀನಿ" ಎಂದ ಅಪ್ಪ.

"ದೊಡ್ಡಾಕಿಗೂ ಹಿಂಗ ಅಂದಿದ್ರಿ. ಎಲ್ಲಿ ಕಳಿಸಿದ್ರಿ?"

ಅಪ್ಪ ಎಲೆಅಡಿಕೆ ತಟ್ಟೆ ಮುಂದೆ ಸರಿಸಿದ. ಅಕ್ಕೋರು ಮುಟ್ಟಲಿಲ್ಲ. "ಆತು ಬಿಡ್ರಿ. ಹುಡುಗಿ ಶಾಲಿಗೆ ಬರೂದು ಬ್ಯಾಡ. ಶಾಲೀನ ಹುಡುಗಿ ಹತ್ರ ಬರ್ತೈತಿ" ಎಂದು ಎದ್ದರು.

ಅಪ್ಪ ಅದನ್ನು ಮಾತಿಗೆ ಹೇಳಿದ್ದೆಂದುಕೊಂಡಿದ್ದ. ಸೋಮವಾರ ನೋಡಿದರೆ ಇಡೀ ಶಾಲೆ ಗದ್ದೆಯ ಬದುವಿನ ಮೇಲೆ ಸಾಲಾಗಿ ಬರುತ್ತಿದೆ! ಮುಂದೆ ಅಕ್ಕೋರು, ಹಿಂದೆ ಸುತ್ತಿದ ಬಟ್ಟೆ ಬೋರ್ಡನ್ನು ಹೆಗಲ ಮೇಲೆ ಹೊತ್ತ ನಾಲ್ಕನೇ ಕ್ಲಾಸಿನವರು. ಬೋರ್ಡು ಹೊಂಗೆ ಮರಕ್ಕೆ ನೇತುಬಿತ್ತು. ಅಪ್ಪ ಕಕ್ಕಾಬಿಕ್ಕಿಯಾದ. ಅಕ್ಕೋರು ನನ್ನ ಡಬ್ಬ ಕಿತ್ತುಕೊಂಡು ಬದಿಗಿಟ್ಟರು. "ಇದು ಬ್ಯಾಡ. ಹಕ್ಕಿ ಕೂತಾಗೆಲ್ಲ ಮಗ್ಗಿ ಹೇಳ್ರಿ. ಎರಡೊಂದ್ಲ ಎರಡು!"

ಎಲ್ಲರೂ ಒಟ್ಟಿಗೆ ಕೂಗಿದಾಗ ಗಿಳಿಗಳು ಬುರ್ರನೆ ಎದ್ದು ಹಾರಿದವು. ಆ ವಾರ ನಾವು ಕಲಿತಷ್ಟು ಮಗ್ಗಿ ವರ್ಷವಿಡೀ ಕಲಿತಿರಲಿಲ್ಲ. ಪದ್ಯಕ್ಕೆ ರಾಟವಾಳಗಳು ಅಷ್ಟೇನೂ ಹೆದರಲಿಲ್ಲ. ಮಗ್ಗಿ ಎಂದರೆ ಮಾತ್ರ ನಮ್ಮ ಹಾಗೆಯೇ ಅವಕ್ಕೂ ಭಯ. ಒಂದು ದಿನ ಗುಡವಿ ಕೆರೆಯ ಕಡೆಯಿಂದ ಬಂದ ಬೆಳ್ಳಕ್ಕಿಗೆ ಒಬ್ಬ ಕಲ್ಲೆತ್ತಿದ. "ಅದು ಹುಳ ತಿಂತೈತಿ, ನಿಮ್ಮ ಭತ್ತ ಅಲ್ಲ" ಎಂದು ಅವನ ಕಿವಿ ಹಿಂಡಿದ ಅಕ್ಕೋರು, ಅವತ್ತಿನ ಪಾಠವನ್ನು ಹಕ್ಕಿಗಳ ಕೊಕ್ಕಿನ ಮೇಲೆ ಮಾಡಿದರು. ಅಪ್ಪ ದಿನವೂ ಬದುವಿನ ಹುಲ್ಲು ಕೊಯ್ಯುತ್ತ ಅಲ್ಲೇ ಸುಳಿದಾಡುತ್ತಿದ್ದ. ಅಷ್ಟು ಹುಲ್ಲು ನಮ್ಮ ದನಗಳಿಗೆ ಬೇಕೂ ಇರಲಿಲ್ಲ.

ಶನಿವಾರ ಅಪ್ಪನಿಗೆ ಖುಷಿಯೋ ಖುಷಿ. "ಒಂದು ಕಾಳೂ ಹೋಗ್ಲಿಲ್ಲ ನೋಡಿ. ಬರೋ ವಾರನೂ ಶಾಲೆ ಇಲ್ಲೇ ಮಾಡ್ಬಿಡಿ ಅಕ್ಕೋರೆ."

"ನಾ ಬಂದಿದ್ದು ನಿಮ್ಮ ಭತ್ತಕ್ಕಲ್ರೀ, ಹುಡುಗಿಗೆ. ಸೋಮವಾರ ಆಕಿ ಶಾಲ್ಯಾಗ ಇರ್ಬೇಕು. ಮಾಳದ ಮ್ಯಾಲ ನೀವು ಕೂಡ್ರಿ."

"ದೊಡ್ಡೋರು ಹಕ್ಕಿ ಓಡ್ಸಾದಾ? ಊರೋರು ನಗಾಡ್ತಾರೆ."

"ನಾ ಒಂದು ವಾರ ಓಡಿಸೀನಲ್ರೀ. ನನ್ನ ನೋಡಿ ಯಾರು ನಕ್ಕಾರ, ಹೇಳ್ರಿ!"

ಅಪ್ಪ ಮತ್ತೆ ಬಗ್ಗಿ ಹುಲ್ಲು ಕೊಯ್ಯತೊಡಗಿದ.

ಸೋಮವಾರ ಅಮ್ಮ ನನ್ನ ಜಡೆ ಹಾಕಿ ಕಳಿಸಿದಳು. ಅಪ್ಪ ಆಗಲೇ ಗದ್ದೆಗೆ ಹೋಗಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಗದ್ದೆಯ ಕಡೆಯಿಂದ ಗಡಸು ಧ್ವನಿಯೊಂದು ತೇಲಿಬಂತು: "ಎರಡೊಂದ್ಲ ಎರಡು! ಎರಡೆರಡ್ಲ ನಾಕು!" ಅಕ್ಷರ ಕಲಿಯದ ಅಪ್ಪ ಹುಲ್ಲು ಕೊಯ್ಯುತ್ತಲೇ ಮಗ್ಗಿ ಕಲಿತಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕೋರು ಹೊರಗೆ ಬಂದು ಕಿವಿಗೊಟ್ಟು ಕೇಳಿದರು. "ನಗಬ್ಯಾಡ್ರಿ. ತಪ್ಪಿದ್ರ ಇಲ್ಲಿಂದ ಕೂಗಿ ಹೇಳ್ರಿ" ಎಂದರು.

ನಾನು ಮತ್ತೆ ಮಾಳ ಹತ್ತಲಿಲ್ಲ. ನಾಲ್ಕನೇ ಕ್ಲಾಸು ಮುಗಿಸಿದ ವರ್ಷ ಅಕ್ಕೋರಿಗೆ ವರ್ಗವಾಯಿತು. ಹೈಸ್ಕೂಲಿಗೆ ಹೋಗುವಾಗ ಒಮ್ಮೆ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಬಹಳ ಸೊರಗಿದ್ದರು, ಧ್ವನಿ ಮಾತ್ರ ಹಾಗೇ ಇತ್ತು. ನನ್ನ ಓದಿನ ವಿಚಾರ ಆಮೇಲೆ ಬಂತು, ಮೊದಲು ಕೇಳಿದ್ದು ಅಪ್ಪನ ಬಗ್ಗೆ.

"ನಿಮ್ಮಪ್ಪ ಎಲ್ಲಿ ತನಕ ಬಂದ್ರವ್ವ?"

"ಏಳರ ಮಗ್ಗಿ ಅಕ್ಕೋರೆ. ಏಳೆಂಟ್ಲ ಹತ್ರ ಯಾವಾಗ್ಲೂ ತಪ್ತಾರೆ."

ಸುತ್ತಲಿದ್ದವರು ತಿರುಗಿ ನೋಡುವಂತೆ ನಕ್ಕರು. "ತಪ್ಪಲಿ. ಬಿಡಬಾರದು ಅಂತ ಹೇಳು."

ಅದೇ ಕೊನೆಯ ಭೇಟಿ. ಮುಂದಿನ ವರ್ಷ ಭತ್ತ ಹಾಲುಗಟ್ಟಿದ ದಿನಗಳಲ್ಲೇ ಅಕ್ಕೋರು ತೀರಿಕೊಂಡ ಸುದ್ದಿ ಬಂತು. ಅಪ್ಪ ಊಟದ ತಟ್ಟೆಯಲ್ಲೇ ಕೈ ತೊಳೆದುಕೊಂಡು ಗದ್ದೆಗೆ ಹೋದ. ನಾನು ಜಗಲಿಯಲ್ಲಿ ಅಳುತ್ತ ಕೂತಿದ್ದೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಗಿಳಿಗಳು ಹೊಟ್ಟೆ ತುಂಬ ತಿಂದಿರಬೇಕು. ಆಮೇಲೆ ಮಾಳದ ಕಡೆಯಿಂದ ಏಳರ ಮಗ್ಗಿ ಶುರುವಾಯಿತು. ಏಳೆಂಟ್ಲ ಹತ್ತಿರ ಬಂದು ನಿಂತಿತು. ಅಪ್ಪ ಇನ್ನೂ ಗಟ್ಟಿಯಾಗಿ, ಮತ್ತೆ ಏಳೊಂದ್ಲ ಏಳರಿಂದ ಹಿಡಿದ.