ಆಯೇರ ಕತ್ತರಿಸಿದ ಡೈರೆಕ್ಟರ್

ಬೇಸಿಗೆ ಬಂತೆಂದರೆ ನಮ್ಮ ಕಡೆ ಎರಡರ ಪ್ರಚಾರ ಜೋರು: ಒಂದು ಕೂಲರ್‌ಗಳದು, ಇನ್ನೊಂದು ಕಾಲೇಜುಗಳದು. ನಾನು ಎರಡನೆಯದರ ಪ್ರಚಾರಕಿ. ಯಾದಗಿರಿಯ ಸಣ್ಣದೊಂದು ಕಲಾ ಕಾಲೇಜಿನಲ್ಲಿ ಚಿತ್ರಕಲೆಯ ಅತಿಥಿ ಉಪನ್ಯಾಸಕಿ. ಹುಡುಗರು ಸೇರಿದರೆ ನನ್ನ ಕೆಲಸ ಉಂಟು, ಸೇರದಿದ್ದರೆ ಇಲ್ಲ. ಆ ವರ್ಷ ಪ್ರಾಂಶುಪಾಲರು ನೇರವಾಗಿಯೇ ಹೇಳಿದ್ದರು: "ಇನ್ನೊಂದು ಅಡ್ಮಿಶನ್ ಬರಲಿಲ್ಲಂದ್ರ ನಿಮ್ಮ ವಿಭಾಗಕ್ಕ ಕೀಲಿ ಬೀಳ್ತದ ನೋಡ್ರಿ ಮೇಡಂ."

ಆ ಒಂದಕ್ಕಾಗಿ ಫ್ಲೆಕ್ಸ್ ಮಾಡಿಸಿದೆವು. 'ನಮ್ಮ ಹೆಮ್ಮೆಯ ಸಾಧಕರು'. ಇದೇ ಕಾಲೇಜಿನಲ್ಲಿ ನನ್ನ ಜೊತೆ ಓದಿದವರ ಫೋಟೋಗಳು, ಕೆಳಗೆ ಬಿರುದುಗಳು. ಬಿರುದು ಬರೆದವಳು ನಾನೇ. ಗಾಡಿಗಳಿಗೆ ನಂಬರ್ ಬರೆಯುವವನು 'ಅಕ್ಷರ ವಿನ್ಯಾಸಕಾರ'. ಹುಟ್ಟುಹಬ್ಬ, ಶ್ರದ್ಧಾಂಜಲಿ ಎರಡನ್ನೂ ಒಂದೇ ಯಂತ್ರದಲ್ಲಿ ಹೊಡೆಯುವ ಫ್ಲೆಕ್ಸ್ ಅಂಗಡಿಯವನು 'ಯುವ ಉದ್ಯಮಿ'. ಎಲ್ಲರಿಗಿಂತ ದೊಡ್ಡ ಫೋಟೋ ಮಾತ್ರ ಪೊಲೀಸ್ ಆದವನದು.

"ಸರ್, ಅಂವಾ ಬ್ರಷ್ ಹಿಡಿಯೋದು ಬಿಟ್ಟು ಲಾಠಿ ಹಿಡಿದಾನ್ರಿ" ಎಂದೆ.

"ಹಿಡೀಲಿ ಬಿಡ್ರಿ. ಸರ್ಕಾರಿ ನೌಕರಿ ಹೌದಿಲ್ಲೋ? ಪಾಲಕರ ಕಣ್ಣು ಮೊದಲ ಅಲ್ಲೇ ಹೋಗ್ತದ."

ಪೊಲೀಸನ ಪಕ್ಕದಲ್ಲಿ, ಕಪ್ಪು ಕನ್ನಡಕದಲ್ಲಿ, 'ಚಲನಚಿತ್ರ ನಿರ್ದೇಶಕ'. ಅವನು ನನ್ನ ಗೆಳೆಯ. ಸಿನಿಮಾ ಓದಿದವನು, ಶಹಾಪುರದಲ್ಲಿ ಸ್ಟುಡಿಯೋ ಇಟ್ಟು ಮದುವೆ ವೀಡಿಯೋ ತೆಗೆಯುತ್ತಾನೆ. ಮದುವೆಗೆ ಮೊದಲು ಹುಡುಗ-ಹುಡುಗಿಯನ್ನು ಮಲಗಿದ ಬುದ್ಧನಂತೆ ಕಾಣುವ ಬೆಟ್ಟದೆದುರು ನಿಲ್ಲಿಸಿ ಗಾಳಿಯಲ್ಲಿ ಸೆರಗು ಹಾರಿಸುವುದರಲ್ಲಿ ಎತ್ತಿದ ಕೈ. ಅಲ್ಲಿ ಮಲಗಿದ ಬುದ್ಧ ಈವರೆಗೂ ಎದ್ದು ಕೂತಿಲ್ಲ, ಅದು ನನ್ನ ಗೆಳೆಯನ ಪುಣ್ಯ.

ರಂಗಂಪೇಟೆಯ ಒಬ್ಬ ಹುಡುಗಿ ತಾನಾಗಿಯೇ ಕಾಲೇಜಿಗೆ ಬಂದು ವಿಚಾರಿಸಿ ಹೋಗಿದ್ದಳು. ಸಿನಿಮಾ, ಚಿತ್ರಕಲೆ ಎರಡೂ ಕಲಿಯಬೇಕಂತೆ. ಅಪ್ಪ ಒಪ್ಪುತ್ತಿಲ್ಲವಂತೆ. ನಮ್ಮ ಆ ಒಂದು ಅಡ್ಮಿಶನ್ ಇವಳೇ. ಅಪ್ಪನನ್ನು ಒಪ್ಪಿಸಲು ಜೀವಂತ ಸಾಧಕನನ್ನೇ ಕರೆದೊಯ್ಯೋಣವೆಂದು ಗೆಳೆಯನಿಗೆ ಫೋನ್ ಮಾಡಿದೆ. ಯಾರ ಮನೆಯೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಹಾಪುರದಲ್ಲಿ ಬಸ್ಸಿಳಿದು ಅವನ ಬೈಕಿನ ಹಿಂದೆ ಕೂತೆ. ಸುರಪುರ ದಾಟುವವರೆಗೂ ತಾನು ಮುಂದೆ ತೆಗೆಯಲಿರುವ ಸಿನಿಮಾದ ಕಥೆ ಹೇಳಿದ. ಓದುವಾಗಲೂ ಅದೇ ಕಥೆ ಹೇಳುತ್ತಿದ್ದ. ಆಗ ನಾಯಕನಿಗೆ ಇಪ್ಪತ್ತು ವರ್ಷ, ಈಗ ನಲವತ್ತಾಗಿದೆ, ಅಷ್ಟೇ ಬದಲಾವಣೆ.

ರಂಗಂಪೇಟೆಯಲ್ಲಿ ಕಿರಾಣಿ ಅಂಗಡಿಯ ಹಿಂದೆಯೇ ಹುಡುಗಿಯ ಮನೆ. ಬಾಗಿಲು ತೆರೆದ ಅಪ್ಪ, ಹಣೆ ತುಂಬ ವಿಭೂತಿ ಹಚ್ಚಿದ ಗಟ್ಟಿ ಆಳು, ನನಗೆ ಕೈಮುಗಿದರು. ಹಿಂದಿದ್ದ ಗೆಳೆಯನನ್ನು ಕಂಡರು. ಮುಗಿದ ಕೈ ಹಾಗೇ ನಿಂತಿತು.

"ಇಂವಾ ಇಲ್ಲಿಗ್ಯಾಕ ಬಂದಾನ?"

ಗೆಳೆಯ ತೆಗೆದಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡ.

"ಒಳಗ ಬರ್ರಿ. ಮೊದಲ ಸುಸಲಾ ತಿನ್ರಿ, ಆಮ್ಯಾಲ ಬೈತೀನಿ" ಎಂದರು ಅಪ್ಪ. ನಮ್ಮ ಸೀಮೆಯ ಮರ್ಯಾದೆ ಅಂದರೆ ಇದು. ಹುಡುಗಿಯ ತಾಯಿ ಚುರುಮುರಿ ನೆನೆಸಿ ಒಗ್ಗರಣೆ ಹಾಕಿದ ಸುಸಲಾ, ಮಿರ್ಚಿ ಭಜಿ ತಂದಿಟ್ಟರು. ಹುಡುಗಿ ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ನಾವು ತಟ್ಟೆ ಕೆಳಗಿಟ್ಟದ್ದೇ ತಡ, ಬೈಗುಳ ಬಂತು.

ಹಿರಿಮಗಳ ಮದುವೆಯ ವೀಡಿಯೋ ಇವನೇ ತೆಗೆದದ್ದಂತೆ. ಮದುವೆಯಲ್ಲಿ ಆಯೇರ ಮಾಡುವುದೆಂದರೆ ನಮ್ಮಲ್ಲಿ ತಮಾಷೆಯಲ್ಲ. ಬಳಗದವರು ಒಬ್ಬೊಬ್ಬರಾಗಿ ಬಂದು ಸೀರೆ, ಧೋತರ ಕೊಟ್ಟು, ಕ್ಯಾಮೆರಾ ಕಡೆ ತಿರುಗಿ, ತಾವು ಬಂದಿದ್ದು ಖಾತ್ರಿಯಾಗುವವರೆಗೆ ಕದಲದೆ ನಿಲ್ಲಬೇಕು. ಸಿನಿಮಾ ಕಲಿತ ನನ್ನ ಗೆಳೆಯನಿಗೆ ಇದೆಲ್ಲ ಒಂದೇ ದೃಶ್ಯದ ಪುನರಾವರ್ತನೆಯಾಗಿ ಕಂಡಿದೆ. ಆಯೇರವನ್ನು ಪೂರಾ ಕತ್ತರಿಸಿ, ಇಡೀ ಮದುವೆಯನ್ನು ಕಾಲು ಗಂಟೆಯ ಕಲಾಕೃತಿ ಮಾಡಿ ಕೊಟ್ಟಿದ್ದಾನೆ. ಪುಣ್ಯಾತ್ಮ!

"ಬೀಗರ ಸೋದರಮಾವ ಫೋನ್ ಹಚ್ಚಿ ಕೇಳ್ತಾನ್ರಿ ಮೇಡಂ, ನಾ ಕೊಟ್ಟ ಇಳಕಲ್ ಸೀರಿ ಎಲ್ಲೈತಿ ಅಂತ. ವೀಡಿಯೋದಾಗ ಇಲ್ಲಂದ್ರ ಆಯೇರ ಮಾಡೇ ಇಲ್ಲ ಅಂದಂಗ ಆತಲ್ಲ! ನನ್ನ ಮಗಳು ಅತ್ತಿಮನ್ಯಾಗ ವರ್ಷಗಟ್ಲೆ ಮಾತು ಕೇಳ್ಯಾಳ. ಇಂವಾ ಏನ್ ತೆಗದಾನ? ಹಂದರದ ತೂತು! ಭಜಿ ಬಾಂಡ್ಲಿ! ಒಂದು ನಾಯಿ! ಆ ನಾಯಿ ಏನರ ಆಯೇರ ಮಾಡಿತ್ತೇನ್ರಿ?"

"ಅದು ರೂಪಕ ಇತ್ರಿ ಅಣ್ಣಾರ" ಎಂದ ಗೆಳೆಯ. ನಾನು ಅವನ ಕಾಲು ತುಳಿದೆ.

"ಈಗ ಇದನ್ನ ಕಲಿಯಾಕ ಸಣ್ಣಾಕಿನ್ನೂ ಕಳಸಬೇಕೇನು? ಆಗಂಗಿಲ್ಲ. ಬಿ.ಎಡ್ ಮಾಡ್ಲಿ."

ಮುಗಿಯಿತು ಎಂದುಕೊಂಡೆ. ಮನುಷ್ಯ ಹೇಳಿದ್ದು ಬರೋಬ್ಬರಿಯೇ ಇತ್ತು. ಬಿರುದು ಬರೆದ ನನಗಲ್ಲದೆ ಇನ್ಯಾರಿಗೆ ಗೊತ್ತು? ಹೆಗಲ ಪಿಶವಿಯಲ್ಲಿದ್ದ ಕಾಲೇಜಿನ ಕರಪತ್ರ ಹೊರಗೆ ತೆಗೆಯಲು ನಾಚಿಕೆಯಾಯಿತು. ಏಳೋಣವೆಂದು ಗೆಳೆಯನಿಗೆ ಸನ್ನೆ ಮಾಡಿದೆ.

ಆಗ ಹುಡುಗಿ ಮೊಬೈಲ್ ಹಿಡಿದು ಮುಂದೆ ಬಂದಳು. "ಮೇಡಂ, ನಾ ಇದನ್ನ ನೋಡೇ ಕಲೀಬೇಕಂತ ಮಾಡೀನ್ರಿ" ಎಂದು ಅಕ್ಕನ ಮದುವೆಯ ವೀಡಿಯೋ ಹಚ್ಚಿದಳು. ಹಂದರ ಬಂತು, ನಾಯಿ ಬಂತು. ಆಮೇಲೆ ಮದುವೆಯ ಅಡುಗೆ ಮಾಡುವ ಜಾಗ. ಹಿಂದೆಲ್ಲೋ ವಾಲಗ ಜೋರಾಗಿದೆ, ಅಕ್ಕಿಕಾಳು ಬೀಳುತ್ತಿವೆ. ಇಲ್ಲಿ ಹೊಗೆಯ ನಡುವೆ ಒಬ್ಬ ಹೆಂಗಸು ಗೋಡೆ ಕಡೆ ಮುಖ ಮಾಡಿ, ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಾಳೆ. ಯಾರೋ ಕರೆದಂತಾಗಿ ತಟ್ಟನೆ ಮುಖ ಒರೆಸಿ, ನಗುತ್ತಾ ತಿರುಗುತ್ತಾಳೆ. ನಮಗೆ ಸುಸಲಾ ತಂದುಕೊಟ್ಟ ತಾಯಿ.

ಇಷ್ಟು ವರ್ಷ ಈ ಗೆಳೆಯನನ್ನು ಹಂಗಿಸಿದ ಬಾಯಿ ನನ್ನದು.

ಅಪ್ಪ ಮೊಬೈಲ್ ಕಡೆ ನೋಡಲಿಲ್ಲ. ತಾಯಿಯೇ ಮಾತಾಡಿದರು, ಅದೂ ನನ್ನ ಹತ್ತಿರ: "ನಾ ಅತ್ತಿದ್ದು ಇವರಿಗೆ ಗೊತ್ತೇ ಇದ್ದಿಲ್ರಿ ಅಕ್ಕಾರ. ಇದನ್ನ ನೋಡಿದ ಮ್ಯಾಲ ಒಂದ್ಸಲ ಕೇಳಿದ್ರು, ಯಾಕ ಅತ್ತಿ ಅಂತ. ನಮ್ಮ ಮದುವಿ ಆದಾಗಿಂದ ಅದೊಂದ್ಸಲ ಕೇಳ್ಯಾರ."

"ಈಗ ಅದ್ಯಾಕ ಬೇಕು?" ಎಂದರು ಅಪ್ಪ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಬೇಕು. ಸಣ್ಣಾಕಿ ಕಲೀಲಿ."

ಅಪ್ಪ ಹಣೆಯ ವಿಭೂತಿ ಉಜ್ಜಿಕೊಂಡರು. ಕಡೆಗೆ, "ಕಳಸ್ತೀನಿ. ಆದ್ರ ನಿಮ್ಮ ಫ್ಲೆಕ್ಸಿನ್ಯಾಗ ನನ್ನ ಮಗಳ ಫೋಟೋ ಹಾಕಂಗಿಲ್ಲ" ಎಂದರು.

ನನ್ನ ಕೆಲಸ ಉಳಿಯಿತು. ಗೆಳೆಯನ ಮುಖವಂತೂ ಪ್ರಶಸ್ತಿ ಬಂದವನ ಹಾಗೆ ಅರಳಿತ್ತು. ಬೈಕ್ ಹತ್ತುವಾಗ ತಾಯಿ ಹೊಸ್ತಿಲ ತನಕ ಬಂದು ನನ್ನ ಕೈ ಹಿಡಿದರು.

"ಅಕ್ಕಾರ, ಅಳೋರನ್ನ ತೆಗಿಯೋದು ಕಲಸ್ರಿ. ಆಯೇರ ತೆಗಿಯೋದೂ ಕಲಸ್ರಿ. ಹೊಟ್ಟಿಗೆ ಬೇಕಲ್ರಿ."

ಆಯೇರ ನಮ್ಮ ಪಠ್ಯದಲ್ಲಿಲ್ಲ. ಗೆಳೆಯ ಹೆಲ್ಮೆಟ್ ಒಳಗಿಂದಲೇ, "ಆಯೇರ ತೆಗಿಯೋದನ್ನ ನಾ ಕಲಸ್ತೀನಿ ಬಿಡ್ರಿ. ಈಗ ಅದನ್ನೇ ಮಾಡಾಕತ್ತೀನಿ" ಎಂದ.