ನಾನು ತಿಂದುಹಾಕಿದ ಅಳತೆ

ಜನವರಿ ೧೮, ಭಾನುವಾರ. ಬೆಳಿಗ್ಗೆ ಎಂಟು ಹತ್ತಕ್ಕೆ ಬರೆಯಲು ಕೂತಿದ್ದೇನೆ. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನ ಗ್ರೀಸ್ ವಾಸನೆ ಹೋಗಿಲ್ಲ. ಆ ವಾಸನೆಗೇ ಎದುರುಮನೆ ದೊಡ್ಡವ್ವ ನೆನಪಾದರು...

ಅಕ್ಕ ಹೋದ ವಾರ ಒಂದು ಟ್ರೇಲರ್ ಮನೆ ತಂದಳು. ಎರಡು ಚಕ್ರ, ಎರಡು ಮಂಚ, ಒಂದು ಒಲೆ. ನಮ್ಮ ಜೀಪಿಗೆ ಕಟ್ಟಿಕೊಂಡು ಊರೂರು ಸುತ್ತುವುದಕ್ಕೆ. ಇವತ್ತು ಹತ್ತು ಗಂಟೆಗೆ ಅದರ ಮೊದಲ ಪಯಣ. ಕಟ್ಟುವ ಕೆಲಸ ನನ್ನದು. ಜೀಪಿನ ಹಿಂದಿರುವ ಕಬ್ಬಿಣದ ಗುಂಡಿನ ಮೇಲೆ ಟ್ರೇಲರಿನ ಮೂತಿ ಕೂರಬೇಕು. ಆಮೇಲೆ ಎರಡೂ ಪಕ್ಕಕ್ಕೆ ಒಂದೊಂದು ಉಕ್ಕಿನ ಸಲಾಕೆ ಬಿಗಿಯಬೇಕು; ಹಿಂದೆ ಬಿದ್ದ ಭಾರವನ್ನು ಅವು ಮುಂದಿನ ಚಕ್ರಗಳಿಗೂ ಹಂಚುತ್ತವೆ. ಜೊತೆಗೆ ಕೊಟ್ಟ ಹಾಳೆಯಲ್ಲಿ ಮೊದಲ ಸೂಚನೆಯೇ ಇದು: ಕಟ್ಟುವ ಮೊದಲು ಗಾಡಿಯ ಮುಂಭಾಗದ ಎತ್ತರ ಅಳೆಯಿರಿ, ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ಅದನ್ನು ಓದಿ ಜೀಪಿನ ಮುಂದೆ ಕೂತು ನಕ್ಕುಬಿಟ್ಟೆ. ಇದು ನನಗೆ ಎಂಟು ವರ್ಷದ ಹಿಂದೆಯೇ ಗೊತ್ತಿತ್ತು.

ಬಂಡೂರಿನ ನಮ್ಮ ಎದುರುಮನೆಯವರು ದೊಡ್ಡವ್ವ. ನೆಂಟರಲ್ಲ, ಕರೆದು ಕರೆದು ದೊಡ್ಡವ್ವ ಆದವರು. ಕುರಿ ವ್ಯಾಪಾರ. ಹಳೆಯ ಜೀಪಿಗೆ ಟ್ರೇಲರ್ ಕಟ್ಟಿ, ಕುರಿ ತುಂಬಿ, ತಾವೇ ಓಡಿಸಿಕೊಂಡು ಸಂತೆಗೆ ಹೋಗುತ್ತಿದ್ದರು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವರ ಜೊತೆ ಹೋದದ್ದು ಹದಿನಾರು ಸಲ.

ಅವರ ಅಳತೆಗೋಲು ಒಂದು ಕಬ್ಬು. ಖಾಲಿ ಜೀಪಿನ ಮುಂದೆ ಜಲ್ಲೆ ನಿಲ್ಲಿಸಿ, ಬಂಪರ್ ಮುಟ್ಟುವಲ್ಲಿ ಹೆಬ್ಬೆರಳ ಉಗುರಿನಿಂದ ಗೀರು ಹಾಕುತ್ತಿದ್ದರು. ಟ್ರೇಲರ್ ಕಟ್ಟಿ ಕುರಿ ತುಂಬಿದ ಮೇಲೆ ಅದೇ ಜಲ್ಲೆ ಮತ್ತೆ ನಿಲ್ಲಿಸುತ್ತಿದ್ದರು. ಬಂಪರ್ ಗೀರಿಗಿಂತ ಒಂದು ಬೆರಳು ಮೇಲೆದ್ದಿದ್ದರೆ ಸರಿ. ತೀರಾ ಎದ್ದರೆ ಮುಂಭಾರ, ಟ್ರೇಲರಿನ ಮೂತಿಯ ಮೇಲೆ ಹೊರೆ ಹೆಚ್ಚು. ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಏಳದೇ ಹೋದರೆ ಹಿಂಭಾರ, ಹೊರೆಯೆಲ್ಲ ಟ್ರೇಲರಿನ ಹಿಂದಕ್ಕೆ. ಟ್ರೇಲರ್ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತದೆ. ಎತ್ತಿನಗಾಡಿಯ ಮಾತುಗಳನ್ನೇ ಅವರು ಜೀಪಿಗೂ ಹಾಕಿದ್ದರು. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಗಿ ದಾಟಿಸುತ್ತಿದ್ದರು. “ಕೊಂಡಿ ಬುಟ್ಕಂಡ್ರೂ ಮೂತಿ ಮಡ್ಲಿಗ್ ಬೀಳ್ಬೇಕು ಕಣವ್ವ, ರೋಡ್ಗಲ್ಲ.”

ಏಳನೇ ಸಲ ಕಟ್ಟುವ ಕೆಲಸವನ್ನು ಪೂರ್ತಿ ನನಗೇ ಬಿಟ್ಟರು. “ಇವತ್ ಎಡವಟ್ ಮಾಡುದ್ರೆ ಇನ್ಮ್ಯಾಕೆ ನನ್ ಜೀಪ್ ಅತ್ಬ್ಯಾಡ,” ಎಂದಿದ್ದರು. ಗುಂಡಿಗೆ ಗ್ರೀಸ್ ಹಚ್ಚಿದೆ, ಮೂತಿ ಕೂರಿಸಿದೆ, ಪಿನ್ನು ಹಾಕಿದೆ, ಸರಪಳಿ ದಾಟಿಸಿದೆ, ಹನ್ನೆರಡು ಕುರಿ ಎಣಿಸಿ ಹತ್ತಿಸಿದೆ. ಖುಷಿಗೆ ಬಾಯಿ ಸುಮ್ಮನಿರಲಿಲ್ಲ. ಗೀರು ಹಾಕಿ ಪಕ್ಕದಲ್ಲಿ ಒರಗಿಸಿದ್ದ ಕಬ್ಬು ಕೈಗೆ ಬಂತು...

ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಬಂದು, “ಜಲ್ಲೆ ಎಲ್ಲವ್ವ?” ಎಂದರು.

“ಕುರಿ ತಿಂದ್ಬುಡ್ತು ದೊಡ್ಡವ್ವ.”

ಅವರು ನನ್ನ ಕಾಲ ಬುಡ ನೋಡಿದರು. “ಕುರಿ ಸಿಪ್ಪೆ ಉಗೀತದೇನವ್ವ?”

ನಾನು ಕಾಲಿನಿಂದ ಸಿಪ್ಪೆ ಪಕ್ಕಕ್ಕೆ ತಳ್ಳಿದೆ. ಅವರು ಬೈಯಲಿಲ್ಲ. “ಇಳ್ಸು,” ಎಂದರು. ಸಂತೆಗೆ ಹೊತ್ತಾಗುತ್ತದೆ, ಇವತ್ತೊಂದಿನ ಹಾಗೇ ಹೋಗೋಣ ಎಂದು ಗೋಗರೆದೆ. “ಸಂತೆ ಮುಂದಿನ್ ವಾರನೂ ಇರ್ತದೆ. ನಾನು ನೀನು ಇರ್ಬೇಕಲ್ಲ?” ಖಾಲಿ ಜೀಪಿನ ಗೀರು ನನ್ನ ಹೊಟ್ಟೆಯಲ್ಲಿತ್ತು, ಹಾಗಾಗಿ ಹನ್ನೆರಡೂ ಕುರಿ ಇಳಿದವು, ಕೊಂಡಿ ಬಿಚ್ಚಿತು, ಗದ್ದೆಯಿಂದ ಹೊಸ ಜಲ್ಲೆ ಬಂತು, ಹೊಸ ಗೀರು ಬಿತ್ತು. ಮತ್ತೆ ಕಟ್ಟಿ, ಮೊದಲು ಕಟ್ಟಿದ ಹಾಗೇ ಕುರಿ ತುಂಬಿ ನೋಡಿದರೆ ಬಂಪರ್ ಗೀರಿಗಿಂತ ನಾಲ್ಕು ಬೆರಳು ಮೇಲಿತ್ತು! ಎಣಿಸುವ ಗಡಿಬಿಡಿಯಲ್ಲಿ ಎಲ್ಲ ಕುರಿಗಳನ್ನೂ ನಾನು ಟ್ರೇಲರಿನ ಮುಂದಕ್ಕೇ ಒತ್ತಿ ಕಟ್ಟಿದ್ದೆ. ಐದನ್ನು ಚಕ್ರದಿಂದ ಹಿಂದಕ್ಕೆ ಸರಿಸಿ, ನಡುವೆ ಅಡ್ಡಹಲಗೆ ಕೊಟ್ಟೆ. ಬಂಪರ್ ಇಳಿಯಿತು. ಒಂದು ಬೆರಳು.

ಐವತ್ತು ನಿಮಿಷ ತಡವಾಗಿ ಹೊರಟೆವು. ನಾಲೆ ಏರಿ ಇಳಿಯುವ ತಿರುವಿನಲ್ಲಿ ನಾನು ಹಿಂದೆ ತಿರುಗಿ ಟ್ರೇಲರನ್ನೇ ನೋಡುತ್ತಿದ್ದೆ. ಜೀಪು ದಾರ ಎಳೆದ ಹಾಗೆ ತಿರುಗಿತು. ಮೊದಲು ಕಟ್ಟಿದಂತೆ ಹೊರಟಿದ್ದರೆ ಅಲ್ಲಿ ನೇರ ನಾಲೆಗೆ... ದೊಡ್ಡವ್ವ ರಸ್ತೆ ನೋಡುತ್ತಲೇ, “ಮುಂದಿನ್ ವಾರನೂ ನೀನೇ ಕಟ್ಟು. ತಿಂಡಿ ತಿನ್ಕೊಂಡ್ ಬಾ,” ಎಂದರು. ಸಂತೆಯಲ್ಲಿ ಎಲ್ಲರಿಗೂ ನನ್ನನ್ನು ತೋರಿಸಿ, “ಅಳ್ತೆ ತಿನ್ನೋಳು ಇವ್ಳೇಯ,” ಎಂದು ಪರಿಚಯ ಮಾಡಿಕೊಟ್ಟರು. ಆ ಹೆಸರು ಹೋಗಲೇ ಇಲ್ಲ. ಆ ವರ್ಷ ಉಳಿದ ಒಂಬತ್ತು ಸಲವೂ ನಾನೇ ಕಟ್ಟಿದೆ.

ಹೋದ ವರ್ಷ ದೊಡ್ಡವ್ವ ತೀರಿಕೊಂಡರು. ಡೈರಿಯಲ್ಲಿ ಆ ದಿನ ತಾರೀಖು ಬಿಟ್ಟು ಬೇರೇನೂ ಬರೆದಿಲ್ಲ.

ಇವತ್ತು ಅಳತೆಯ ಟೇಪು ಒಳಗಿಟ್ಟು ಗದ್ದೆಗೆ ಹೋಗಿ ಒಂದು ಜಲ್ಲೆ ಮುರಿದು ತಂದೆ. ಖಾಲಿ ಜೀಪಿಗೆ ಗೀರು ಹಾಕಿದೆ. ಟ್ರೇಲರ್ ಕೂರಿಸಿದಾಗ ಬಂಪರ್ ಮೂರು ಬೆರಳು ಎದ್ದಿತು. ಸಲಾಕೆ ಬಿಗಿದ ಮೇಲೆ ಒಂದಕ್ಕೆ ಇಳಿಯಿತು. ಸರಪಳಿ ಕತ್ತರಿ ಹಾಕಿದೆ. ಜಲ್ಲೆ ಈಗ ಜೀಪಿನೊಳಗಿದೆ. ಅಕ್ಕ ಆಗಲೇ ಎರಡು ಸಲ ಅದರ ಕಡೆ ಕೈ ಚಾಚಿದಳು. ಎರಡು ಸಲವೂ ಕೈ ಮೇಲೆ ಹೊಡೆದೆ.

ಹಳೆಯ ಡೈರಿ ತೆಗೆದು ನೋಡಿದೆ. ಎಷ್ಟು ಕುರಿ, ಎಷ್ಟು ನಿಮಿಷ, ಎಷ್ಟು ಬೆರಳು, ಎಲ್ಲ ಇದೆ. ದೊಡ್ಡವ್ವನ ಜೀಪು ನೆಲದಿಂದ ಎಷ್ಟು ಎತ್ತರವಿತ್ತು ಎಂಬುದು ಮಾತ್ರ ಇಲ್ಲ. ಅದಿದ್ದದ್ದು ಜಲ್ಲೆಗಳ ಗೀರಿನಲ್ಲಿ; ಪ್ರತಿ ಸಂತೆ ಮುಗಿದ ಮೇಲೆ ಅವನ್ನೂ ನಾನೇ ತಿಂದಿದ್ದೆ. ಆ ಜೀಪು ಆತಗೂರಿನ ಕಡೆ ಯಾರಿಗೋ ಹೋಯಿತೆಂದು ಕೇಳಿದ್ದೇನೆ. ಯಾರ ಮನೆ ಮುಂದೆ ನಿಂತಿದೆಯೋ ಅವರು ದಯವಿಟ್ಟು ನನಗೊಂದು ಕಾಗದ ಬರೆಯಿರಿ. ಖಾಲಿ ಜೀಪಿನ ಮುಂದೆ ಒಂದು ಕಬ್ಬು ನಿಲ್ಲಿಸಿ, ಬಂಪರ್ ಎಷ್ಟನೇ ಗೆಣ್ಣಿಗೆ ಬರುತ್ತದೆ ನೋಡಿ. ಬರೆದಾದ ಮೇಲೆ ಆ ಕಬ್ಬನ್ನು ನೀವೇ ತಿನ್ನಬಹುದು.