ಕಾಸರಕೋಡಿನ ಸಿಂಹ ಮತ್ತು ನಾಲ್ಕು ಸಾಲಿನ ತಿದ್ದುಪಡಿ

2017ರ ಆಗಸ್ಟ್‌ನಲ್ಲಿ ನಾನು ಕನ್ನಡ ದಿನಪತ್ರಿಕೆಯೊಂದರ ಹೊನ್ನಾವರ ವರದಿಗಾರನಾಗಿದ್ದೆ. ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ; ಅದರಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಸೋರುವ ಒಂದು ಕಿಟಕಿ. ಭಟ್ಕಳಕ್ಕೂ ಕುಮಟಾಕ್ಕೂ ಬೇರೆ ವರದಿಗಾರರಿದ್ದರು. ಅವರು ರಜೆ ಹಾಕಿದ ದಿನ ಮೂರೂ ತಾಲ್ಲೂಕು ನನ್ನ ಪಾಲಿಗೆ ಬರುತ್ತಿತ್ತು. ಚುನಾವಣೆ, ಕಡಲು ಕೊರೆತ, ಹೆದ್ದಾರಿ ಅಗಲೀಕರಣ ಎಲ್ಲವನ್ನೂ ಬರೆದಿದ್ದೇನೆ. ಆದರೆ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಹನ್ನೆರಡು ಸಾಲಿನ ಒಂದು ಸುದ್ದಿ, ಮತ್ತು ಅದಕ್ಕೆ ನಾನೇ ಬರೆದ ತಿದ್ದುಪಡಿ.

ಕಾಸರಕೋಡಿನ ಮೀನುಗಾರರ ಹುಲಿವೇಷದ ತಂಡ ಪ್ರತಿ ನವರಾತ್ರಿಯಲ್ಲಿ ಮನೆ ಮನೆಗೆ ಹೋಗಿ ಕುಣಿಯುತ್ತಿತ್ತು. ಕೊನೆಯ ದಿನ ಬಂದರಿನ ಹತ್ತಿರದ ಮೈದಾನದಲ್ಲಿ ಎರಡು ಹುಲಿಗಳ ಕಾಳಗ. ಹುಲಿಗಳು ಹಿಂಗಾಲಲ್ಲಿ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಒಂದನ್ನೊಂದು ಹಿಡಿಯಬೇಕು. ಜನ ಕಾಯುತ್ತಿದ್ದುದು ಆ ಐದು ನಿಮಿಷಕ್ಕೆ. ಇಪ್ಪತ್ತೆರಡು ವರ್ಷ ಅದರಲ್ಲಿ ದೊಡ್ಡ ಹುಲಿಯಾಗಿದ್ದವನು ಮಾದೇವ. ವರ್ಷದ ಉಳಿದ ದಿನಗಳಲ್ಲಿ ಅವನು ಟ್ರಾಲ್ ಬೋಟಿನಲ್ಲಿ ಕೆಲಸಗಾರ. ಹಿಂದಿನ ಡಿಸೆಂಬರಿನಲ್ಲಿ ಬಲೆ ಎಳೆಯುವ ವಿಂಚ್‌ನ ಉಕ್ಕಿನ ಹಗ್ಗಕ್ಕೆ ಅವನ ಎಡಗೈ ಸಿಕ್ಕಿತ್ತು. ಎರಡು ಬೆರಳು ಹೋದವು. ಭುಜದ ನರಕ್ಕೂ ಪೆಟ್ಟಾಗಿ, ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಆಗಸ್ಟ್ ಮೊದಲ ವಾರ ತಂಡದ ಹಿರಿಯ ತಿಮ್ಮಣ್ಣ ಒಂದು ಚೀಟಿ ತಂದುಕೊಟ್ಟರು. ಆ ವರ್ಷದ ದೊಡ್ಡ ಹುಲಿ ಬೇರೆಯವನು. ಮಾದೇವನಿಗೆ ತಂಡದಿಂದ ಶಾಲು ಹೊದಿಸಿ ಗೌರವ. ‘ಅಪಘಾತದಿಂದಾಗಿ ಮಾದೇವ ಇನ್ನು ಮುಂದೆ ವೇಷ ಹಾಕುವುದಿಲ್ಲ’ ಎಂದು ತಿಮ್ಮಣ್ಣ ಬಾಯಲ್ಲಿ ಹೇಳಿದ್ದನ್ನೂ ನಾನು ಸೇರಿಸಿದೆ. ‘ಹುಲಿವೇಷಕ್ಕೆ ಮಾದೇವ ವಿದಾಯ’ ಎಂಬ ತಲೆಬರಹದಲ್ಲಿ ಮರುದಿನ ಪ್ರಕಟವಾಯಿತು.

ಅದೇ ದಿನ ಹನ್ನೊಂದು ಗಂಟೆಗೆ ಮಾದೇವ ಮೆಟ್ಟಿಲು ಹತ್ತಿ ಬಂದ. ಜೊತೆಗೆ ಹೆಂಡತಿ ಸುಮಿತ್ರಾ. ಅವಳು ಬಂದರಿನಲ್ಲಿ ಮೀನು ಒಣಗಿಸುವ ಕೆಲಸದವಳು. ಪೇಪರನ್ನು ಮೇಜಿನ ಮೇಲೆ ಹರಡಿದ್ದೂ ಅವಳೇ.

“ನಾ ವೇಷ ಬಿಟ್ಟೆ ಹೇಳಿ ನಿಮಗೆ ಯಾರು ಹೇಳಿದ್ರು ಸಾರ್?” ಎಂದು ಮಾದೇವ ಕೇಳಿದ.

“ತಿಮ್ಮಣ್ಣ.”

“ತಿಮ್ಮಣ್ಣ ಎಂತ, ನನ್ನ ಬಾಯಾ?”

ಸುಮಿತ್ರಾ ಸೇರಿಸಿದಳು: “ಎಂಟು ತಿಂಗಳಿಂದ ಇವ್ರು ಗೋಡೆ ನೋಡ್ಕಂಡು ಕೂತಿದ್ರು. ನವರಾತ್ರಿ ಬರ್ಲಿ, ಎದ್ದು ನಿಲ್ತ್ರು ಹೇಳಿ ನಾ ಕಾಯ್ತಾ ಇದ್ದೆ. ಅದನ್ನೂ ನೀವು ಮುಗಿಸಿ ಕೊಟ್ರಿ. ಮುಂಜಾನೆಯಿಂದ ಮೂರು ಮಂದಿ ಬಂದು ‘ಪಾಪ’ ಹೇಳಿ ಹೋದ್ರು.”

ಯಾರ ಬಗ್ಗೆ ಬರೆಯುತ್ತೇವೋ ಅವರನ್ನೇ ಕೇಳಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಹೊಸ ಹುಡುಗರಿಗೆ ನಾನೇ ಅದನ್ನು ಹೇಳಿಕೊಡುತ್ತಿದ್ದೆ. ಮಾದೇವನ ಮನೆ ನನ್ನ ಕಚೇರಿಯಿಂದ ಸೇತುವೆ ದಾಟಿದರೆ ಹದಿನೈದು ನಿಮಿಷದ ದಾರಿ. ಹೋಗಿರಲಿಲ್ಲ. ಕೈ ಏಳದ ಮನುಷ್ಯ ಹುಲಿಯಾಗಲಾರ ಎಂಬುದು ನನಗೆ ಕೇಳಬೇಕಾದ ಸಂಗತಿಯೇ ಅನ್ನಿಸಿರಲಿಲ್ಲ.

ನಾನು ತಪ್ಪೊಪ್ಪಿಕೊಂಡು, “ಹಾಗಾದರೆ ಈ ವರ್ಷ ಕುಣಿಯುತ್ತೀಯಾ? ಹೇಳು, ಅದನ್ನೇ ನಾಳೆ ಹಾಕುತ್ತೇನೆ” ಎಂದೆ. ಅವನು ಬಲಗೈ ಮೇಲೆತ್ತಿದ. ಎಡಗೈ ಎದೆಯವರೆಗೆ ಬಂದು ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಕೈ ಇಳಿಸಿ, “ಆತು ಬಿಡಿ” ಎಂದ.

ಆಗ ನನ್ನ ಮೇಜಿನ ಮೇಲೆ ಇನ್ನೊಂದು ಕೆಲಸ ಬಿದ್ದಿತ್ತು. ಭಾನುವಾರದ ಮಕ್ಕಳ ಪುಟಕ್ಕೆ ಭಟ್ಕಳದ ಒಬ್ಬ ವಿದ್ಯಾರ್ಥಿನಿ ಪ್ರಶ್ನೆ ಕಳಿಸಿದ್ದಳು: ಸಿಂಹಕ್ಕೂ ಹುಲಿಗೂ ಜಗಳವಾದರೆ ಗೆಲ್ಲುವುದು ಯಾವುದು? ಮೃಗಾಲಯವೊಂದರಲ್ಲಿ ವೈದ್ಯರಾಗಿದ್ದು ನಿವೃತ್ತರಾದವರೊಬ್ಬರು ಕುಮಟಾ ಬಳಿಯ ಹೊಳನಗದ್ದೆಯಲ್ಲಿ ನೆಲೆಸಿದ್ದರು. ಅವರನ್ನು ಫೋನಿನಲ್ಲಿ ಕೇಳಿ ನಾನು ಟಿಪ್ಪಣಿ ಮಾಡಿಕೊಂಡಿದ್ದೆ, ಎರಡು ಚಿತ್ರಗಳನ್ನೂ ಮುದ್ರಿಸಿಟ್ಟಿದ್ದೆ. ಏಳಲು ಹೊರಟ ಮಾದೇವ ಚಿತ್ರ ನೋಡಿ, “ಇದೆಂತ?” ಎಂದ.

ಮಾತು ಬದಲಾದರೆ ಸಾಕು ಎಂದು ನಾನು ಟಿಪ್ಪಣಿ ಓದಿ ಹೇಳಿದೆ. ಗೆಲ್ಲುವುದು ಯಾವುದೆಂದು ಹೇಳಲು ಡಾಕ್ಟರು ಒಪ್ಪಿರಲಿಲ್ಲ. ಹೇಗೆ ಹೊಡೆದಾಡುತ್ತವೆ ಎಂಬುದನ್ನಷ್ಟೇ ಹೇಳಿದ್ದರು. ಹುಲಿ ಸಾಮಾನ್ಯವಾಗಿ ಹಿಂಗಾಲಲ್ಲಿ ಎದ್ದು ಎರಡೂ ಮುಂಗಾಲುಗಳಿಂದ ಬಡಿಯುತ್ತದೆ. ಅದರ ಚುರುಕು ಹೆಚ್ಚು. ಆದರೆ ಅದು ಒಂಟಿ ಪ್ರಾಣಿ; ಗಾಯವಾದರೆ ಬೇಟೆ ತಂದು ಹಾಕುವವರಿಲ್ಲ. ಹಾಗಾಗಿ ಜಗಳ ಕಷ್ಟವೆನಿಸಿದರೆ ಹಿಂದೆ ಸರಿಯುತ್ತದೆ. ಸಿಂಹ ಹೆಚ್ಚಾಗಿ ಮೂರು ಕಾಲು ನೆಲಕ್ಕೂರಿ ಒಂದೇ ಮುಂಗಾಲಿನಿಂದ ಹೊಡೆಯುತ್ತದೆ. ಕೇಸರ ಕುತ್ತಿಗೆಯನ್ನು ಕಾಯುತ್ತದೆ. ಬೇರೆ ಗಂಡುಗಳೊಡನೆ ಕಾದಾಡಿಯೇ ಬದುಕುವ ಪ್ರಾಣಿಯಾದ್ದರಿಂದ ಪೆಟ್ಟು ಬಿದ್ದರೂ ಬೇಗ ಜಾಗ ಬಿಡುವುದಿಲ್ಲ. ಗಾಯಗೊಂಡರೆ ಹಿಂಡಿನ ಬೇಟೆಯಲ್ಲಿ ಅದಕ್ಕೂ ಪಾಲು ಸಿಗಬಹುದು.

“ಇನ್ನೊಂದ್ಸಲ ಓದಿ” ಎಂದ ಮಾದೇವ. “ಸಿಂಹದ್ದು.”

ಓದಿದೆ.

“ಮೂರು ಕಾಲು ನೆಲದಲ್ಲಾ?”

“ಹೌದು. ಒಂದರಲ್ಲಿ ಹೊಡೆತ.”

ಅವನು ಎಡ ಅಂಗೈಯನ್ನು ನನ್ನ ಮೇಜಿನ ಮೇಲಿಟ್ಟು ಮೊಣಕೈ ನೇರ ಮಾಡಿ ನಿಧಾನಕ್ಕೆ ಭಾರ ಬಿಟ್ಟ. ಮೇಜು ಕಿರುಗುಟ್ಟಿತು. ಕೈ ನಿಂತಿತು. ಎತ್ತಲು ಬಾರದ ಕೈಯನ್ನು ಊರಬಹುದಿತ್ತು. ಸುಮಿತ್ರಾ, “ಸಾರ್, ಆ ಡಾಕ್ಟ್ರ ಮನೆ ಎಲ್ಲಿ?” ಎಂದು ಕೇಳಿದಳು.

ಆ ಭಾನುವಾರ ಮಾದೇವನನ್ನು ನನ್ನ ಬೈಕಿನಲ್ಲಿ ಹೊಳನಗದ್ದೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೊದಲು ಕೈ ನೋಡಿ, “ನಾನು ಪ್ರಾಣಿಗಳ ಡಾಕ್ಟರ್ ಮಾರಾಯ, ಇದರ ಮೇಲೆ ಭಾರ ಹಾಕಬಹುದಾ ಅಂತ ಹೇಳಬೇಕಾದವರು ಬೇರೆ” ಎಂದರು.

“ನಾನೂ ಪ್ರಾಣಿ ಆಗೂಕೇ ಬಂದದ್ದಲ್ದಾ?” ಎಂದ ಮಾದೇವ. ಅಪಘಾತದ ನಂತರ ಅವನ ಬಾಯಲ್ಲಿ ತಮಾಷೆ ಬಂದದ್ದು ಅದೇ ಮೊದಲು ಎಂದು ಸುಮಿತ್ರಾ ನನಗೆ ಆಮೇಲೆ ಹೇಳಿದಳು.

ಡಾಕ್ಟರಿಗೆ ಎಪ್ಪತ್ತು ದಾಟಿತ್ತು. ಫೋನಿನಲ್ಲಿ ಎರಡು ವಿಡಿಯೊ ತೋರಿಸಿದರು. ಅದರಿಂದ ತೃಪ್ತಿಯಾಗದೆ ಜಗಲಿಯ ಮೇಲೆ ತಾವೇ ಮೊಣಕಾಲೂರಿ, ಒಂದು ಕೈ ನೆಲಕ್ಕಿಟ್ಟು ಇನ್ನೊಂದು ಕೈ ಬೀಸಿ ತೋರಿಸಿದರು. “ಭಾರ ಹಿಂದೆ ಇರಬೇಕು, ಮುಂದೆ ಅಲ್ಲ. ತಲೆ ಕೆಳಗೆ. ಹುಲಿ ಹಾಗೆ ಅವಸರ ಮಾಡಬೇಡ, ಅದು ಬರಲಿ.” ಒಳಗಿಂದ ಬಂದ ಅವರ ಹೆಂಡತಿ ಗಾಬರಿಯಾಗಿ, “ಎಂತ, ಬಿದ್ರಾ?” ಎಂದರು. “ಇಲ್ಲ, ಜಗಳ ಆಡ್ತಾ ಇದ್ದೇನೆ” ಎಂದರು ಡಾಕ್ಟರು. “ಯಾರ ಸಂಗ್ತಿಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಾ ಮಾಡಲು ಹೋದರು.

ಮರುದಿನ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಕೈ ಪರೀಕ್ಷಿಸಿ, ಮೊಣಕೈ ನೇರವಿದ್ದರೆ ಭಾರ ಹಾಕಬಹುದು, ಅಂಗೈಗೆ ದಪ್ಪ ಪ್ಯಾಡ್ ಇರಲಿ, ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ ಎಂದು ಬರೆದುಕೊಟ್ಟರು. ನವರಾತ್ರಿಗೆ ಆರು ವಾರವಿತ್ತು.

ಉಳಿದದ್ದು ತಿಮ್ಮಣ್ಣನನ್ನು ಒಪ್ಪಿಸುವ ಕೆಲಸ. ಅವರು ಕೆಟ್ಟವರಲ್ಲ. “ಅರ್ಧ ಹುಲಿ ಆಡ್ಸಿದ್ರೆ ಜನ ನಗ್ತ್ರು. ಅಂವನ ಮರ್ಯಾದಿ ಉಳಿಲಿ ಹೇಳೇ ಶಾಲು ಹೊದಿಸೂಕೆ ಹೊರಟಿದ್ದು” ಎಂದು ನನಗೇ ಹೇಳಿದ್ದರು. ಬಂದರಿನಲ್ಲಿ ನಾನೂ ಮಾದೇವನೂ ಸಿಂಹದ ಮಾತು ಎತ್ತಿದಾಗ ಅವರು ತಲೆ ಕೊಡವಿದರು.

“ನಮ್ಮ ಮೇಳದಲ್ಲಿ ಸಿಂಹ ಎಲ್ಲಿಂದ ಬಂತು? ಅಜ್ಜನ ಕಾಲದಿಂದ ಹುಲಿ.”

ಪಕ್ಕದಲ್ಲೇ ಒಣಗಲು ಹರವಿದ ಬಂಗಡೆ ಮೀನು ಮಗುಚಿ ಹಾಕುತ್ತಿದ್ದ ಸುಮಿತ್ರಾ ತಲೆಯೆತ್ತದೆ ಕೇಳಿದಳು: “ತಿಮ್ಮಣ್ಣ, ನವರಾತ್ರಿಯಲ್ಲಿ ನೀವು ಕೂರ್ಸುವ ದೇವಿ ಎಂತದ್ರ ಮೇಲೆ ಕೂತಿರ್ತಾಳೆ? ಬಂಗಡೆ ಮೇಲಾ?”

ಸುತ್ತ ಇದ್ದ ಹೆಂಗಸರು ನಕ್ಕರು. ತಿಮ್ಮಣ್ಣನೂ ನಕ್ಕರು. “ಆತು. ಆದ್ರೆ ತಾಸೆಯವ ಯಾವ ಬಡಿತ ಬಡಿಬೇಕು? ಸಿಂಹದ ಬಡಿತ ಯಾರಿಗೂ ಗೊತ್ತಿಲ್ಲ.”

“ಹುಲಿದೇ ಬಡಿಲಿ, ಅರ್ಧ ವೇಗದಲ್ಲಿ” ಎಂದ ಮಾದೇವ. “ನಾ ಕೂತ್ಕಂಡೇ ಕಾಯ್ತೆ.”

ಕೇಸರವನ್ನು ಸುಮಿತ್ರಾ ಮಾಡಿದಳು. ಬೋಟಿನ ಸವೆದ ಹಳದಿ ಹಗ್ಗವನ್ನು ಎಳೆ ಎಳೆಯಾಗಿ ಬಿಚ್ಚಿ, ಹಳೆ ಬಲೆಯ ತುಂಡಿಗೆ ಗಂಟು ಹಾಕಿ ಹೊಲಿದಳು. ಹಾಕಿಕೊಂಡರೆ ಎಡ ಭುಜದ ಸೊಟ್ಟು ಅದರೊಳಗೆ ಮುಚ್ಚಿಹೋಗುತ್ತಿತ್ತು. ಡಾಕ್ಟರು ಹೇಳಿದ ಕೇಸರದ ಉಪಯೋಗಗಳಲ್ಲಿ ಇದು ಇರಲಿಲ್ಲ.

ಕೊನೆಯ ದಿನ ಸಂಜೆ ಐದಕ್ಕೆ ಮೈದಾನ ತುಂಬಿತ್ತು. ನಾನು ಟಿಪ್ಪಣಿ ಪುಸ್ತಕ ಹಿಡಿದು ತಾಸೆಯವರ ಪಕ್ಕ ನಿಂತಿದ್ದೆ. ಹೊಸ ಹುಲಿ ಚೆನ್ನಾಗಿ ಕುಣಿಯುವವನು. ಬಂದವನೇ ಎದ್ದು ನಿಂತು ಎರಡೂ ಪಂಜ ಎತ್ತಿದ. ಮಾದೇವ ಏಳಲಿಲ್ಲ. ಎಡಗೈ ಮರಳಿಗೆ ಊರಿ, ತಲೆ ತಗ್ಗಿಸಿ ಕೂತ. “ಏಳಾ ಮಾದೇವ!” ಎಂದು ಯಾರೋ ಕೂಗಿದರು. ಹುಲಿ ಮೈಮೇಲೆ ಬಂದಾಗ ಸಿಂಹದ ಬಲಗೈ ಒಮ್ಮೆ ಬೀಸಿತು. ಹುಲಿ ಜಾರಿ ಪಕ್ಕಕ್ಕೆ ಹೋಯಿತು. ಎರಡನೆಯ ಸಲವೂ ಹಾಗೇ. ಜನರ ಗದ್ದಲ ಕಡಿಮೆಯಾಯಿತು.

ಮೂರನೆಯ ಸಲ ಎಡ ಮೊಣಕೈ ಮಡಚಿಕೊಂಡಿತು. ಮಾದೇವ ಮುಖ ಅಡಿಯಾಗಿ ಮರಳಿಗೆ ಬಿದ್ದ. ಹುಲಿ ಪಂಜ ಎತ್ತಿದವನು ಹಾಗೇ ನಿಂತ. ತಿಮ್ಮಣ್ಣ ಒಂದು ಹೆಜ್ಜೆ ಮುಂದಿಟ್ಟರು. ಹೆಂಗಸರ ಸಾಲಿನಿಂದ ಸುಮಿತ್ರಾಳ ದನಿ ಕೇಳಿತು: “ಯಾರೂ ಹೋಗುದು ಬೇಡ!” ತಾಸೆಯವನು ಬಡಿತ ನಿಲ್ಲಿಸಲಿಲ್ಲ; ಅದೇ ನಿಧಾನದ ಬಡಿತವನ್ನು ಎಳೆಯುತ್ತ ಹೋದ. ಸುಮಾರು ಅರ್ಧ ನಿಮಿಷ. ಮರಳಿನಲ್ಲಿ ಕೈ ಎಳೆದು, ಮೊಣಕೈ ನೇರ ಮಾಡಿ, ಮತ್ತೆ ಊರಿ, ಮಾದೇವ ತಲೆ ಎತ್ತಿ ಗರ್ಜಿಸಿದ. ಹುಲಿ ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿಯಿತು. ಅದು ಕುಣಿತವೋ ಹೆದರಿಕೆಯೋ ಎಂದು ಆಮೇಲೆ ಕೇಳಿದೆ. “ಎರಡೂ” ಎಂದ ಆ ಹುಲಿ.

ಗೆದ್ದವರು ಯಾರೆಂದು ತಂಡ ಘೋಷಿಸಲಿಲ್ಲ. ನಾನೂ ಬರೆಯಲಿಲ್ಲ.

ಅಂದು ಸಂಜೆ ಫೋಟೊ ಸಹಿತ ವರದಿಯ ಜೊತೆಗೆ ಒಂದು ತಿದ್ದುಪಡಿಯನ್ನೂ ಕಳಿಸಿದೆ. ನಮ್ಮ ಸುದ್ದಿ ಸಂಪಾದಕರು ಫೋನ್ ಮಾಡಿದರು. “ತಿದ್ದುಪಡಿ ಎಂತಕ್ಕೆ? ಆಗಸ್ಟ್‌ನಲ್ಲಿ ನೀವು ಬರೆದದ್ದು ಆವತ್ತಿಗೆ ಸರಿಯೇ ಇತ್ತಲ್ಲ. ಆಮೇಲೆ ಬದಲಾಯಿತು, ಅಷ್ಟೆ.”

“ಇಲ್ಲ ಸರ್. ಆವತ್ತೇ ತಪ್ಪಾಗಿತ್ತು” ಎಂದೆ. “ಹಾಕೋಣ” ಎಂದರು ಅವರು. ಮರುದಿನ ಬಂದದ್ದು ಹೀಗೆ: ‘ಕಾಸರಕೋಡಿನ ಮಾದೇವ ಅವರು ಹುಲಿವೇಷಕ್ಕೆ ವಿದಾಯ ಹೇಳಿದ್ದಾರೆಂದು ಆಗಸ್ಟ್‌ನಲ್ಲಿ ಪ್ರಕಟವಾಗಿತ್ತು. ಅವರು ವಿದಾಯ ಹೇಳಿರಲಿಲ್ಲ. ಅವರನ್ನು ಕೇಳದೆ ವರದಿ ಬರೆಯಲಾಗಿತ್ತು. ಈ ನವರಾತ್ರಿಯಲ್ಲಿ ಅವರು ಸಿಂಹವೇಷ ಹಾಕಿದ್ದಾರೆ.’

ಮಾದೇವ ಫೋಟೊ ಇರುವ ದೊಡ್ಡ ವರದಿಯನ್ನು ಯಾರಿಗೋ ಕೊಟ್ಟ. ತಿದ್ದುಪಡಿಯನ್ನು ಕತ್ತರಿಸಿ ಮನೆಯ ಗೋಡೆಗೆ ಅಂಟಿಸಿದ. ಎಂಟು ತಿಂಗಳು ನೋಡುತ್ತ ಕೂತಿದ್ದ ಗೋಡೆ ಅದೇ. ಕೈ ಪೂರ್ತಿ ಸರಿಯಾಗಲಿಲ್ಲ, ಬೋಟಿಗೆ ಹಿಂದಿರುಗಲಿಲ್ಲ. ಈಗ ದಡದಲ್ಲಿ ಬಲೆ ರಿಪೇರಿ ಮಾಡುತ್ತಾನೆ. ಕಾಸರಕೋಡಿನ ಮೇಳದಲ್ಲಿ ಹುಲಿಗಳ ಜೊತೆ ಒಂದು ಸಿಂಹ ಇರಬೇಕೆಂಬುದು ಈಗ ಪದ್ಧತಿಯೇ ಆಗಿದೆ. ಅಜ್ಜನ ಕಾಲದಿಂದ ಇದೆ ಎಂದು ತಿಮ್ಮಣ್ಣ ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಆದದ್ದನ್ನು ಬರೆಯುವುದು ವರದಿಗಾರನ ಕೆಲಸ. ‘ಇನ್ನು ಮುಂದೆ’ ಎಂಬುದು ಆದದ್ದಲ್ಲ. ಒಬ್ಬ ಮನುಷ್ಯನ ಮುಂದಿನ ದಿನಗಳ ಬಗ್ಗೆ ಅವನನ್ನು ಬಿಟ್ಟು ಬೇರೆಯವರ ಬಾಯಿಂದ ಬಂದ ಮಾತು ಎಷ್ಟೇ ನಿಜವೆನಿಸಿದರೂ ಸುದ್ದಿಯಲ್ಲ. ಆ ಎರಡು ಪದ ಟೈಪ್ ಮಾಡುವಾಗ ನೌಕರಿಯ ಉಳಿದ ನಾಲ್ಕು ವರ್ಷವೂ ನನ್ನ ಬೆರಳು ತಡೆದು ನಿಲ್ಲುತ್ತಿತ್ತು.

ನಾನು ನಿವೃತ್ತನಾದ ವಾರ ಮಾದೇವ ಸಿಕ್ಕಿದ್ದ. “ಆಡುದು ಬಿಡುವ ದಿನ ನಾನೇ ಬಂದು ಹೇಳ್ತೆ ಸಾರ್, ಆಗ ಬರೀರಿ” ಎಂದ.

“ನಾನು ರಿಟೈರ್ ಆದೆ ಮಾದೇವ. ಇನ್ನು ಬರೆಯುವುದಿಲ್ಲ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: “ಯಾರು ಹೇಳಿದ್ರು, ತಿಮ್ಮಣ್ಣನಾ?”